ಪ್ರವಾಸಿಗರಿಲ್ಲದ ವರ್ಷ ಚಿಗವ್ವ ಮಾಡಿದ ಪಿಎಚ್‌ಡಿ

ನಮ್ಮ ಚಿಗವ್ವ ಪ್ರವಾಸೋದ್ಯಮದಲ್ಲಿ ಡಾಕ್ಟರೇಟ್ ಮಾಡಿದವಳು ಎಂದು ಹೇಳಿದರೆ ನಮ್ಮ ಬಳಗದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗದೆ ಇನ್ನೇನು ಮಾಡಿಯಾರು ಪಾಪ! ಗಂಗಾವತಿಯಲ್ಲಿ ಬಸ್ಸು ಹತ್ತಿ, ಹೊಟ್ಟೆಯೊಳಗಿದ್ದದ್ದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಕೊಪ್ಪಳದಲ್ಲಿ ಇಳಿದ ಚಿಗವ್ವನನ್ನು ಕಂಡವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಬಸ್ಸು ಇನ್ನೂ ಸ್ಟ್ಯಾಂಡಿನಲ್ಲಿ ನಿಂತಿರುವಾಗಲೇ ಅವಳ ಮುಖ ಹೆಸರುಕಾಳಿನ ಬಣ್ಣಕ್ಕೆ ತಿರುಗುತ್ತದೆ. ಬೇರೆಯವರು ಊರಿಗೆ ಹೊರಟರೆ ಬುತ್ತಿ ಕಟ್ಟುತ್ತಾರೆ. ಇವಳು ಲಿಂಬೆಹಣ್ಣು, ಹುಣಸೆಹಣ್ಣು, ಪ್ಲಾಸ್ಟಿಕ್ ಚೀಲ ಕಟ್ಟುತ್ತಾಳೆ. ನಮ್ಮವ್ವನ ಬೆನ್ನಿಗೆ ಬಿದ್ದ ಈ ತಂಗಿ ಯಲಬುರ್ಗಾದ ತವರಿಗೆ ಬರುವುದೇ ಅಪರೂಪ. ಬಂದ ದಿನವಿಡೀ ಕಣ್ಣು ಮುಚ್ಚಿ ಮಲಗುವುದು, ಎದ್ದ ಮೇಲೆ ವಾಪಸ್ ಹೋಗುವ ಚಿಂತೆಯಲ್ಲಿ ಕೂಡುವುದು, ಇಷ್ಟೇ ಅವಳ ತವರಿನ ಸುಖ.

ಇಂಥವಳನ್ನು ಕಟ್ಟಿಕೊಂಡವರು ಯಾರು ಗೊತ್ತೇ? ಟೂರಿಸ್ಟ್ ಕಾರಿನ ಡ್ರೈವರು!

ಅವರನ್ನು ನಾನು ಕಾಕಾ ಎನ್ನುತ್ತೇನೆ. ಮದುವೆಯ ದಿನ ಕಾಕಾ ತಮ್ಮ ಸ್ವಂತ ಕಾರಿಗೆ ಹೊಸ ಸೀಟ್ ಕವರ್ ಹಾಕಿಸಿ, ಮುಂದೆ ಹೂವಿನ ಹಾರ ಬಿಗಿದು, ಹೆಂಡತಿಯನ್ನು ಯಲಬುರ್ಗಾದಿಂದ ಗಂಗಾವತಿಗೆ ಕರೆತಂದರಂತೆ. ಮರುದಿನ ಅದೇ ಕಾರಿಗೆ ಇನ್ನೊಂದು ಹೊಸ ಸೀಟ್ ಕವರ್ ಹಾಕಿಸಿದರಂತೆ. ಇದಕ್ಕಿಂತ ಹೆಚ್ಚಿನ ವಿವರವನ್ನು ಅವರಿಬ್ಬರೂ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಕಾಕಾ ಹೊಸಪೇಟೆ ಸ್ಟೇಷನ್ನಿನಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ಆನೆಗೊಂದಿ, ಸಾಣಾಪುರ, ವಿರೂಪಾಪುರಗಡ್ಡೆ ಎಂದು ತಿರುಗಿಸಿ ತರುವವರು. ಹೆಚ್ಚಿನವರು ಹೊರದೇಶದವರು. ಹೀಗಾಗಿ ಯಾವ ದೇಶದವರು ಬಂದರೂ ಅವರವರ ಭಾಷೆಯಲ್ಲಿ “ನಿಧಾನ ಇಳೀರಿ, ಕಲ್ಲು ಜಾರತಾವ” ಎನ್ನುವುದು ಕಾಕಾಗೆ ಬರುತ್ತಿತ್ತು. ಅಷ್ಟೇ ಬರುತ್ತಿತ್ತು ಎನ್ನುವುದು ಬೇರೆ ಮಾತು. ನಮ್ಮ ಬಳಗದ ಮದುವೆಗಳಲ್ಲಿ ಅವರ ಸುತ್ತ ಮಕ್ಕಳ ಗುಂಪೇ ನೆರೆಯುತ್ತಿತ್ತು. “ಕಾಕಾ, ಫ್ರೆಂಚ್ ಮಾತಾಡ್ರಿ!” ಎಂದರೆ ಕಾಕಾ ಗಂಟಲು ಸರಿಪಡಿಸಿಕೊಂಡು, ಕಲ್ಲು ಜಾರುವ ವಿಷಯವನ್ನು ಫ್ರೆಂಚಿನಲ್ಲಿ ಘನಗಂಭೀರವಾಗಿ ಹೇಳುತ್ತಿದ್ದರು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು.

ಚಿಗವ್ವ ಗಂಗಾವತಿಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಾಳೆ. ಕೂದಲು ಬೆಳ್ಳಗಾಗತೊಡಗಿದ ಮೇಲೆ ಪಿಎಚ್‌ಡಿ ಹುಚ್ಚು ಹತ್ತಿತು. ಅದೂ ಪ್ರವಾಸೋದ್ಯಮದ ಮೇಲೆ! ನಮ್ಮವ್ವ ಫೋನಿನಲ್ಲಿ, “ಏನವ್ವಾ, ನಿನಗ ಬಸ್ಸಿನ ಚಿತ್ರ ನೋಡಿದ್ರ ವಾಂತಿ ಬರತೈತಿ, ನೀ ಪ್ರವಾಸದ ಮ್ಯಾಲ ಏನ್ ಬರೀತಿ?” ಎಂದು ಕೇಳಿದಳು.

“ಹಾರ್ಟಿನ ಡಾಕ್ಟರಿಗೆ ಹಾರ್ಟ್ ಅಟ್ಯಾಕ್ ಆಗಿರಬೇಕಂತ ಏನರ ಐತೇನಕ್ಕಾ?” ಎಂದಳು ಚಿಗವ್ವ.

ನಮ್ಮವ್ವ ಫೋನಿಟ್ಟಳು. ಚಿಗವ್ವನ ಜೊತೆ ವಾದ ಮಾಡುವವರು ಕೊನೆಗೆ ಮಾಡುವುದು ಅದನ್ನೇ.

ಹೊಳೆದಂಡೆಗೆ ಬರುವ ಪ್ರವಾಸಿಗರಿಗೆ ನಮ್ಮ ಸೀಮೆ ಎಷ್ಟು ಹಿಡಿಸುತ್ತದೆ ಎನ್ನುವುದು ಅವಳ ಮೊದಲಿನ ವಿಷಯ. ಅದಕ್ಕಾಗಿ ಉದ್ದನೆಯ ಪ್ರಶ್ನಾವಳಿ ತಯಾರು ಮಾಡಿ, ಕಟ್ಟುಗಟ್ಟಲೆ ಅಚ್ಚು ಹಾಕಿಸಿ, ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿ ಪೂಜೆ ಮಾಡಿದಳು. ಪೂಜೆಯ ಫಲವೋ ಏನೋ, ಆ ತಿಂಗಳೇ ಜಗತ್ತಿಗೆಲ್ಲ ಕೊರೊನಾ ಬಂತು!

ಸುದ್ದಿ ದೊಡ್ಡದಾಗುವ ಮೊದಲು ಒಮ್ಮೆಯಾದರೂ ನಾಲ್ಕು ಜನರನ್ನು ಮಾತಾಡಿಸೋಣವೆಂದು ಚಿಗವ್ವ ಧೈರ್ಯ ಮಾಡಿ ಕಾಕಾನ ಕಾರಿನಲ್ಲಿ ಕುಳಿತಳು. ಇಬ್ಬರೂ ಆನೆಗೊಂದಿಯ ಕಡೆ ಹೋದರು. ದಾರಿಯಲ್ಲಿ ಎಷ್ಟು ಸಲ ನಿಂತರು ಎನ್ನುವುದು ಇಲ್ಲಿ ಬೇಡ. ಹೊಳೆದಂಡೆಗೆ ಹೋಗಿ ನೋಡಿದರೆ ನರಪಿಳ್ಳೆಯಿಲ್ಲ. ಬಂಡೆಗಲ್ಲು, ನೀರು, ಕೋತಿ. ಒಂದು ದಪ್ಪ ಕೋತಿ ಬಂದು ಅವಳ ಕೈಯಲ್ಲಿದ್ದ ಪ್ರಶ್ನಾವಳಿಯನ್ನು ಕಿತ್ತುಕೊಂಡು ಬಂಡೆಯ ಮೇಲೆ ಹೋಗಿ ಕುಳಿತು, ಒಂದೊಂದೇ ಪುಟವನ್ನು ತಿರುವಿ ತಿರುವಿ ನೋಡಿತಂತೆ.

“ನೋಡವಾ,” ಎಂದು ಆಮೇಲೆ ನನಗೆ ಹೇಳಿದಳು, “ತಾನಾಗೇ ಬಂದು ಪೂರ್ತಿ ಓದಿದ್ದು ಅದೊಂದ.”

ನಾನು ಈ ಕಥೆಯೊಳಗೆ ಬಂದದ್ದು ಆಗಲೇ. ಯಲಬುರ್ಗಾದ ಹತ್ತಿರ ಒಂದು ಸರಕಾರಿ ಸಾಲೆಯಲ್ಲಿ ನಾನು ಮಾಸ್ತರಿಕೆ ಮಾಡುತ್ತೇನೆ. ಸಾಲೆಗೆ ರಜೆ ಕೊಟ್ಟರಲ್ಲ ಎಂದು ಎರಡು ದಿನದ ಮಟ್ಟಿಗೆ ಚಿಗವ್ವನನ್ನು ನೋಡಿಕೊಂಡು ಹೋಗಲು ಗಂಗಾವತಿಗೆ ಬಂದೆ. ಬಂದ ಮರುದಿನವೇ ಬಸ್ಸು ಬಂದ್, ಅಂಗಡಿ ಬಂದ್, ಊರೇ ಬಂದ್! ಎರಡು ಸೀರೆ ತಂದವಳು ಚಿಗವ್ವನ ಸೀರೆ ಉಟ್ಟುಕೊಂಡು ಎಷ್ಟೋ ತಿಂಗಳು ಅಲ್ಲೇ ಉಳಿದೆ.

ಹೊರ ಊರಿನಿಂದ ಬಂದವಳೆಂದು ಚಿಗವ್ವ ಮೊದಲು ನನ್ನನ್ನು ಮಾಳಿಗೆಯ ಕೋಣೆಗೆ ಅಟ್ಟಿದಳು. ಆಮೇಲೆ ಅವಳ ಕಣ್ಣು ಮಿಂಚಿತು. ಬಾಗಿಲಿನಾಚೆ ಕುರ್ಚಿ ಹಾಕಿಕೊಂಡು ಕುಳಿತು, ಪೆನ್ನು ತೆಗೆದಳು.

“ಯಾವ ದೇಶದಿಂದ ಬಂದೀರಿ?”

“ಚಿಗವ್ವಾ, ನಾನವಾ!”

“ಪ್ರಶ್ನಾಕ್ಕ ಉತ್ತರ ಹೇಳ್ರಿ.”

“ಯಲಬುರ್ಗಾ.”

“ಇಲ್ಲಿಗೆ ಬರಲು ನಿಮ್ಮನ್ನು ಪ್ರೇರೇಪಿಸಿದ್ದು ಯಾವುದು? ಪ್ರಕೃತಿ ಸೌಂದರ್ಯ, ಇತಿಹಾಸ, ಸಾಹಸ, ಆಹಾರ?”

“ನೀನ.”

ಚಿಗವ್ವ ಪೆನ್ನು ಎತ್ತಿ ಯೋಚಿಸಿದಳು. “ಇತಿಹಾಸದಾಗ ಹಾಕತೀನಿ,” ಎಂದು ಗುರುತು ಮಾಡಿದಳು.

ಹೀಗೆ ಒಂದು ಕೋತಿ ಮತ್ತು ಒಬ್ಬ ಅಕ್ಕನ ಮಗಳನ್ನು ನೆಚ್ಚಿಕೊಂಡು ಪಿಎಚ್‌ಡಿ ಆಗುವಂತಿರಲಿಲ್ಲ. ಕೊನೆಗೆ ಅವಳ ಮಾರ್ಗದರ್ಶಕರು ಫೋನು ಮಾಡಿದರು. ಚಿಗವ್ವ ಸ್ಪೀಕರಿಗೆ ಹಾಕಿದಳು.

“ನೋಡ್ರಿ ಮೇಡಂ, ಪ್ರವಾಸಿಗರು ಬರೂತನಾ ಕುಂತ್ರ ನೀವು ರಿಟೈರ್ ಆಗ್ತೀರಿ. ಈಗ ಜಗತ್ತಿನ್ಯಾಗ ಪ್ರವಾಸ ನಿಂತೈತಿ, ಪ್ರವಾಸದ ಮ್ಯಾಲ ಬರಿಯೂದು ನಿಂತಿಲ್ಲ. ಎಲ್ಲಾ ಪ್ರೊಫೆಸರಗೋಳು ಮನ್ಯಾಗ ಕುಂತು ಅದನ್ನ ಬರಿಯಾಕತ್ತಾರ. ಅವರು ಏನೇನ್ ಬರಿಯಾಕತ್ತಾರ ಅನ್ನೋದನ್ನ ನೀವು ಬರೀರಿ.”

“ಅಂದ್ರ ಸರ್, ನಾ ಎಲ್ಲೂ ಹೋಗೂದ ಬ್ಯಾಡ?”

“ಮನಿ ಬಿಟ್ಟು ಹೊರಗ ಬರಬ್ಯಾಡ್ರಿ ಅಂತ ಎಲ್ಲಾರೂ ಹೇಳಾಕತ್ತಾರಲ್ರಿ!”

ಚಿಗವ್ವನ ಮುಖ ನೋಡಬೇಕಿತ್ತು! ‘ಜಾಗತಿಕ ಮಹಾಮಾರಿಯ ಕಾಲದಲ್ಲಿ ಪ್ರವಾಸೋದ್ಯಮ ಸಂಶೋಧನೆಯ ಒಲವುಗಳು’ ಎಂದು ಹೊಸ ವಿಷಯ ಗಟ್ಟಿಯಾಯಿತು. ಎಂಥ ಅದ್ಭುತ ವಿಷಯ! ಪ್ರವಾಸಕ್ಕೆ ಹೋಗದವರು ಪ್ರವಾಸಕ್ಕೆ ಬಾರದವರ ಬಗ್ಗೆ ಬರೆದದ್ದನ್ನು, ಪ್ರವಾಸ ಮಾಡಲಾಗದವಳೊಬ್ಬಳು ಓದಿ ಬರೆಯುವುದು! ಇಡೀ ಪ್ರಪಂಚವೇ ಕೆಲಸ ಬಿಟ್ಟು ಚಿಗವ್ವನ ಅನುಕೂಲಕ್ಕೆ ತಕ್ಕಂತೆ ಹೊಂದಿಕೊಂಡಿತ್ತು.

ಹಳೆಯ ಪ್ರಶ್ನಾವಳಿಗಳು ವ್ಯರ್ಥವಾಗಲಿಲ್ಲ. ರೊಟ್ಟಿಯ ಬುಟ್ಟಿಗೆ ಹಾಸಲು, ಸಂಡಿಗೆ ಒಣಗಿಸಲು ಬಂದವು. ನಾನು ರೊಟ್ಟಿ ತೆಗೆದುಕೊಳ್ಳುವಾಗಲೆಲ್ಲ ಬುಟ್ಟಿಯ ತಳದಿಂದ ‘ಈ ಸ್ಥಳಕ್ಕೆ ಮತ್ತೊಮ್ಮೆ ಭೇಟಿ ನೀಡಲು ಬಯಸುತ್ತೀರಾ?’ ಎಂಬ ಪ್ರಶ್ನೆ ಇಣುಕುತ್ತಿತ್ತು. ಶೇಂಗಾ ಚಟ್ನಿ ಇದ್ದ ದಿನ ಖಂಡಿತ ಬಯಸುತ್ತಿದ್ದೆ.

ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಚಿಗವ್ವನ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು. ದೇಶದೇಶಗಳ ಲೇಖನಗಳನ್ನು ಮೊಬೈಲಿಗೆ ಇಳಿಸಿಕೊಂಡು ಓದತೊಡಗಿದಳು. ಅವಳು ಕಂಡುಕೊಂಡ ಮೊದಲ ಸತ್ಯವೆಂದರೆ, ರೋಗಕ್ಕೆ ಅಲೆಗಳಿದ್ದಂತೆ ಲೇಖನಗಳಿಗೂ ಅಲೆಗಳಿದ್ದವು. ಮೊದಲನೆಯ ಅಲೆಯಲ್ಲಿ ಎಲ್ಲರೂ, ‘ಮುಳುಗಿತು, ಎಲ್ಲ ಮುಳುಗಿತು’ ಎಂದು ಬರೆದರಂತೆ. ಎರಡನೆಯ ಅಲೆಯಲ್ಲಿ ಜನ ಎಷ್ಟು ಹೆದರಿದ್ದಾರೆ ಎಂದು ಅಳೆದರಂತೆ. ಆಮೇಲೆ, ಇದೇ ಒಳ್ಳೆಯದಾಯಿತು, ಹೊಳೆಗಳು ಸ್ವಚ್ಛವಾದವು, ಪ್ರವಾಸೋದ್ಯಮವನ್ನು ಹೊಸದಾಗಿ ಕಟ್ಟೋಣ ಎಂದರಂತೆ. ಅದರ ಬೆನ್ನಿಗೆ ರೋಬೋಟು ಊಟ ಬಡಿಸುವುದರ ಅಲೆ, ಮೊಬೈಲಿನಲ್ಲೇ ಊರು ನೋಡುವುದರ ಅಲೆ, ಲಸಿಕೆ ಹಾಕಿಸಿಕೊಂಡವರ ಅಲೆ!

“ಆದ್ರ ಎಲ್ಲಾರೂ ಕಡೀಕ ಒಂದ ಮಾತಿಗೆ ಬಂದು ನಿಲ್ಲತಾರ ನೋಡು,” ಎಂದಳು.

“ಏನಂತ?”

“ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಶೋಧನೆಯ ಅಗತ್ಯವಿದೆ ಅಂತ.”

ಓದಿದ್ದೆಲ್ಲ ಮನೆಯೊಳಗೆ ಪ್ರಯೋಗವಾಗತೊಡಗಿತು. ಆ ಲೇಖನಗಳಲ್ಲಿ ಜನರ ಅಭಿಪ್ರಾಯ ಕೇಳುವ ಒಂದು ಪದ್ಧತಿ ಇರುತ್ತದೆ. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಏನೂ ಹೇಳಲಾರೆ, ಒಪ್ಪುವುದಿಲ್ಲ, ಪೂರ್ತಿ ಒಪ್ಪುವುದಿಲ್ಲ ಎಂದು ಐದು ಮೆಟ್ಟಿಲು. ಚಿಗವ್ವನ ನಾಲಿಗೆಗೆ ಅದು ಅಂಟಿಕೊಂಡಿತು. ಮುಂಜಾನೆ ತರಕಾರಿ ಗಾಡಿ ಬಂದರೆ ಗೇಟಿನೊಳಗಿಂದಲೇ ವಿಚಾರಣೆ.

“ಬದನಿಕಾಯಿ ಎಳೇವು ಅದಾವ ಅಂತಿ. ಪೂರ್ತಿ ಒಪ್ಪತೀಯೋ, ಬರೇ ಒಪ್ಪತೀಯೋ?”

ಗಾಡಿಯವನು ಮಾಸ್ಕ್ ಕೆಳಗೆ ಸರಿಸಿ, “ತಗೊಂಡ್ರ ತಗೊಳ್ರಿ ಅಕ್ಕಾರ, ಬಿಟ್ರ ಬಿಡ್ರಿ,” ಎಂದ.

“ಏನೂ ಹೇಳಲಾರೆ,” ಎಂದು ಗುರುತು ಹಾಕಿಕೊಂಡವಳಂತೆ ಚಿಗವ್ವ ತಲೆಯಾಡಿಸಿ, ಬದನೆಕಾಯಿ ಬಿಟ್ಟು ಬೆಂಡೆಕಾಯಿ ಕೊಂಡಳು.

ಪಕ್ಕದ ಮನೆಯ ಸುಬ್ಬಮ್ಮನಿಗೂ ಈ ಸಂಶೋಧನೆ ತಾಗದೆ ಬಿಡಲಿಲ್ಲ. ಸುಬ್ಬಮ್ಮ ಕಾಲುವೆಯ ಕಡೆ, ಹೊರಗಿನಿಂದ ಬಂದ ರೈತರು ನೆಲೆಸಿದ ಕ್ಯಾಂಪಿನಲ್ಲಿ ಗದ್ದೆ ಮಾಡಿಸುವ ತೆಲುಗು ಹೆಂಗಸು. ಭತ್ತವನ್ನು ಬಿಟ್ಟು ಜಗತ್ತಿನಲ್ಲಿ ಬೇರೇನೂ ಮುಖ್ಯವಲ್ಲ ಎಂದು ನಂಬಿದವಳು. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪ್ರವಾಸ ಮಾಡಿದರೆ ಮನಸ್ಸಿಗೆ ಹಿತವಾಗುತ್ತದೆಯೇ ಎಂದು ಪರೀಕ್ಷಿಸಲು ಚಿಗವ್ವ ಅವಳನ್ನು ಮಾಳಿಗೆಗೆ ಕರೆದು, ದೂರದಲ್ಲಿ ಕೂರಿಸಿ, ವೆನಿಸ್ ನಗರದ ವಿಡಿಯೊ ತೋರಿಸಿದಳು. ಬೀದಿಯ ತುಂಬ ನೀರು, ನೀರಿನ ಮೇಲೆ ದೋಣಿ, ಆಚೀಚೆ ದೊಡ್ಡ ದೊಡ್ಡ ಮಹಲುಗಳು. ಸುಬ್ಬಮ್ಮ ಕಣ್ಣು ಪಿಳುಕಿಸದೆ ನೋಡಿದಳು.

“ಏನ ಅನಸತೈತಿ ಸುಬ್ಬಮ್ಮಾ?” ಎಂದು ಚಿಗವ್ವ ಆಸೆಯಿಂದ ಕೇಳಿದಳು.

“ಏಂ ಹೇಳಲಿ ಟೀಚರಮ್ಮಾ,” ಎಂದು ಸುಬ್ಬಮ್ಮ ನಿಟ್ಟುಸಿರು ಬಿಟ್ಟಳು. “ಇಷ್ಟ ನೀರು ಬಿಟ್ಟಾರ, ಒಬ್ಬರೂ ನಾಟಿ ಮಾಡಿಲ್ಲವಲ್ಲ!”

ಇಷ್ಟೆಲ್ಲ ನಡೆಯುವಾಗ ಕಾಕಾ ಎಲ್ಲಿದ್ದರು ಎಂದು ನೀವು ಕೇಳಬಹುದು. ಕಾಕಾ ಕಾರಿನಲ್ಲಿದ್ದರು.

ಮನೆಯ ಮುಂದಿನ ಶೆಡ್ಡಿನಲ್ಲಿ ಕಾರು ಹೊದಿಕೆ ಹೊದ್ದು ನಿಂತಿತ್ತು. ಮುಂಜಾನೆ ಚಹಾ ಕುಡಿದು ಕಾಕಾ ಹೊದಿಕೆ ತೆಗೆಯುತ್ತಿದ್ದರು, ಗಾಜು ಒರೆಸುತ್ತಿದ್ದರು, ಬ್ಯಾಟರಿ ಸಾಯಬಾರದೆಂದು ಎಂಜಿನ್ನು ಚಾಲೂ ಮಾಡುತ್ತಿದ್ದರು. ಆಮೇಲೆ ಬಂದ್ ಮಾಡಿ ಸ್ಟೇರಿಂಗಿನ ಮುಂದೆ ಸುಮ್ಮನೆ ಕೂಡುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಅರ್ಧ ರೊಟ್ಟಿ ತಿಂದು ಎದ್ದು ಮತ್ತೆ ಅಲ್ಲಿಗೇ ಹೋಗುತ್ತಿದ್ದರು. ಏನು ಕೇಳಿದರೂ “ಹೂಂ,” “ಹಂಗ,” ಇಷ್ಟೇ ಉತ್ತರ. ಲಾಕ್‌ಡೌನ್ ಸಡಿಲವಾಗಿ ಜನ ಸಂತೆಗೆ, ಹೊಲಕ್ಕೆ ಓಡಾಡತೊಡಗಿದರೂ ಹೊರದೇಶದವರು ಬರುವ ಸುಳಿವಿರಲಿಲ್ಲ. ಒಂದು ದಿನ ಊಟದ ನಡುವೆ ಕಾಕಾ ಇದ್ದಕ್ಕಿದ್ದಂತೆ, “ಗಾಡಿ ಮಾರಿಬಿಡೂನು. ರೈಸ್ ಮಿಲ್ಲಿನ್ಯಾಗ ಕಾವಲಿಗೆ ಮಂದಿ ಬೇಕಂತ,” ಎಂದರು. ನಾನು ಚಿಗವ್ವನ ಮುಖ ನೋಡಿದೆ.

ಚಿಗವ್ವ ಮಾತ್ರ ತಲೆ ಎತ್ತಲೂ ಇಲ್ಲ. “ಮಾರೂದು ಬ್ಯಾಡ್ರಿ,” ಎಂದಳು. “ನಾ ಓದಿದ್ದರಾಗ ಹಂಗಂತ ಎಲ್ಲೂ ಬರದಿಲ್ಲ.”

ಮರುದಿನ ಸಂಶೋಧನಾ ಕೇಂದ್ರ ಮಾಳಿಗೆಯಿಂದ ಕಾರಿನ ಶೆಡ್ಡಿಗೆ ವರ್ಗವಾಯಿತು. ಕಾಕಾ ಸ್ಟೇರಿಂಗಿನ ಮುಂದೆ ಕುಳಿತಿದ್ದರೆ, ಚಿಗವ್ವ ಕಾರಿನ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಂಗ್ಲಿಷ್ ಲೇಖನಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. “ಕೇಳ್ರಿ ಇಲ್ಲಿ, ಒಂದು ದ್ವೀಪದಾಗ ಗಾಡಿ ಓಡಸೋರು ಮೀನ ಹಿಡಿಯಾಕ ಹೋಗ್ಯಾರಂತ.” “ಕೇಳ್ರಿ ಇಲ್ಲಿ, ಬೆಟ್ಟ ಹತ್ತಿಸೋರು ಆಲೂಗಡ್ಡಿ ಬೆಳ್ಯಾಕತ್ತಾರಂತ.” ಕಾಕಾ ಮುಂದಿನ ಗಾಜಿನಾಚೆ ಗೋಡೆಯನ್ನು ನೋಡುತ್ತ ಕೂಡುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು.

“ಚಿಗವ್ವಾ, ಮಾಳಗಿ ಬಿಟ್ಟು ಇಲ್ಲ್ಯಾಕ ಕುಂತಿ?” ಎಂದೆ.

“ಇಲ್ಲೆ ನೆಟ್‌ವರ್ಕ್ ಛಲೋ ಸಿಗತೈತಿ.”

ನಾನು ನನ್ನ ಮೊಬೈಲ್ ತೆಗೆದು ನೋಡಿದೆ. ತಗಡಿನ ಶೆಡ್ಡಿನ ಕೆಳಗೆ ಒಂದು ಕಡ್ಡಿಯೂ ಇರಲಿಲ್ಲ.

ನೆರೆಹೊರೆಯವರಿಗೆ ಚಿಗವ್ವನ ತಲೆ ಕೆಟ್ಟಿದೆ ಎಂದು ಪೂರ್ತಿ ಖಾತ್ರಿಯಾದದ್ದು ಅದಾದ ಕೆಲವೇ ದಿನಗಳಲ್ಲಿ. ದೂರ ಹೋಗಲಾಗದವರು ತಮ್ಮ ಮನೆಯನ್ನೇ ಹೊಸ ಊರೆಂದು ತಿಳಿದು ರಜೆ ಕಳೆಯುವುದು ಆಗಿನ ಒಂದು ದೊಡ್ಡ ಒಲವಂತೆ. ಚಿಗವ್ವ ರೇಷ್ಮೆ ಸೀರೆ ಉಟ್ಟು, ತಂಪು ಕನ್ನಡಕ ಹಾಕಿ, ಸೂಟ್‌ಕೇಸಿಗೆ ಬಟ್ಟೆ ತುಂಬಿ, ಹಿಂದಿನ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬಂದಳು. ಸೂಟ್‌ಕೇಸಿನ ಗಾಲಿ ಓಣಿಯ ಕಲ್ಲಿನ ಮೇಲೆ ಗಡಗಡ ಸದ್ದು ಮಾಡಿದ್ದಕ್ಕೆ ಎಲ್ಲ ಮನೆಗಳ ಕಿಟಕಿ ತೆರೆದವು. ಸುಬ್ಬಮ್ಮ ಅಂಗಳಕ್ಕೇ ಬಂದು ನಿಂತಳು.

ಅವತ್ತು ಕಾಕಾ ಕಾರಿನಲ್ಲಿರಲಿಲ್ಲ. ಬಿಸಿಲು ತಾಳದೆ ಪಡಸಾಲೆಯಲ್ಲಿ ಕುಳಿತಿದ್ದರು. ಚಿಗವ್ವ ಬಾಗಿಲು ಬಡಿದಳು.

“ರೂಮ್ ಐತೇನ್ರಿ?”

ಕಾಕಾ ತಲೆ ಎತ್ತಿ ನೋಡಿದರು. ಕನ್ನಡಕ ನೋಡಿದರು, ಸೂಟ್‌ಕೇಸು ನೋಡಿದರು. ಇವತ್ತು ಇವಳಿಗೆ ಬೈಗುಳ ಬೀಳುತ್ತದೆ ಎಂದುಕೊಂಡೆ. ಕಾಕಾ, “ಇಲ್ರಿ, ಫುಲ್ ಆಗೈತಿ,” ಎಂದರು.

“ಬಿಸಲಾಗ ಭಾಳ ದೂರದಿಂದ ಬಂದೀನ್ರಿ.”

“ಎಲ್ಲಿಂದ?”

“ಹಿತ್ತಲದಿಂದ.”

ಕಾಕಾನ ಮೀಸೆ ಅಲುಗಿತು. ಎದ್ದರು. ಅಂಗಿಯ ಗುಂಡಿ ಹಾಕಿಕೊಂಡರು. ಬಾಗಿಲಿಗೆ ಬಂದು ಸೂಟ್‌ಕೇಸು ತೆಗೆದುಕೊಂಡು, ಹೊಸ್ತಿಲಿನ ಕಡೆ ಕೈ ತೋರಿಸಿ, ಫ್ರೆಂಚಿನಲ್ಲಿ ಏನೋ ಹೇಳಿದರು. ಕಲ್ಲು ಜಾರುವ ವಿಷಯವೇ ಇರಬೇಕು. ಚಿಗವ್ವ ಕನ್ನಡಕದೊಳಗಿಂದಲೇ ನಗತೊಡಗಿದಳು. ಕಾಕಾ ಕೂಡ ನಕ್ಕರು. ಆ ಮನೆಯಲ್ಲಿ ಆ ಸದ್ದು ಕೇಳಿ ಎಷ್ಟು ದಿನವಾಗಿತ್ತೋ! ಅಂಗಳದಿಂದ ಸುಬ್ಬಮ್ಮ, “ಇಬ್ಬರಿಗೂ ಬಂದೈತಿ ರೋಗ,” ಎಂದು ಹೇಳಿ ಮಾಸ್ಕ್ ಮೇಲೇರಿಸಿಕೊಂಡು ಒಳಗೆ ಹೋದಳು.

ಅಂದಿನಿಂದ ಕಾಕಾ ಲೇಖನಗಳ ನಡುವೆ ಬಾಯಿ ಹಾಕತೊಡಗಿದರು. ಹೆಚ್ಚಿನ ಸಂಶೋಧನೆಯ ಅಗತ್ಯವಿದೆ ಎಂದು ಚಿಗವ್ವ ಓದಿ ಮುಗಿಸಿದರೆ, “ಸಂಶೋಧನಿ ಬೇಕಂತ? ಪ್ರವಾಸಿಗರು ಬ್ಯಾಡಂತಾ?” ಎನ್ನುತ್ತಿದ್ದರು. ಕಟ್ಟಿಹಾಕಿದಂತೆ ಮನೆಯಲ್ಲಿದ್ದ ಜನ ಬಾಗಿಲು ತೆರೆದ ಕೂಡಲೇ ಸೇಡು ತೀರಿಸಿಕೊಳ್ಳುವವರಂತೆ ಪ್ರವಾಸ ಹೊರಡುತ್ತಾರೆ, ಅದಕ್ಕೆ ‘ಸೇಡಿನ ಪ್ರವಾಸ’ ಎನ್ನುತ್ತಾರೆ ಎಂದು ಅವಳು ಓದಿದಾಗ ಕಾಕಾ ಬಿದ್ದು ಬಿದ್ದು ನಕ್ಕರು. “ಯಾರ ಮ್ಯಾಲ ಸೇಡು? ನನ್ನ ಮ್ಯಾಲೇನು?”

ಆದರೆ ಅದು ಆಗಿಯೇ ಬಿಟ್ಟಿತು. ಹೊರದೇಶದವರು ಬರಲಿಲ್ಲ, ನಮ್ಮ ದೇಶದವರೇ ಬಂದರು. ಬೆಂಗಳೂರಿನವರು, ಹೈದರಾಬಾದಿನವರು ಹಿಂಡುಹಿಂಡಾಗಿ ಬೆಟ್ಟ ಹತ್ತಲು, ಕೆರೆಯಲ್ಲಿ ತೆಪ್ಪ ಆಡಲು ಧಾವಿಸಿದರು. ಒಂದು ಮುಂಜಾನೆ ಕಾಕಾನ ಫೋನು ಬಡಿದುಕೊಂಡಿತು. ಕಾಕಾ “ಹಾಂ, ಬರ್ತೀನ್ರಿ,” ಎಂದು ಎದ್ದವರೇ ಇಸ್ತ್ರಿಯ ಬಿಳಿ ಅಂಗಿ ಹಾಕಿ, ಮೀಸೆಗೆ ಬಣ್ಣ ಹಚ್ಚಿಕೊಂಡು ಕಾರು ಹೊರಗೆ ತೆಗೆದರು. ಚಿಗವ್ವ ಓಣಿಯ ತನಕ ಓಡಿಹೋಗಿ, “ಸೇಡು ಶುರು ಆತು ನೋಡ್ರಿ! ನಾ ಹೇಳಿದ್ನಲ್ಲ!” ಎಂದು ಕೂಗಿದಳು. ಆ ಕೂಗು ಕೇಳಿದ ಓಣಿಯವರು ಏನು ತಿಳಿದುಕೊಂಡರೋ, ಎರಡು ದಿನ ನಮ್ಮ ಮನೆಯ ಕಡೆ ಬರಲಿಲ್ಲ.

ಸಾಲೆ ಶುರುವಾಗಿ ನಾನು ಯಲಬುರ್ಗಾಕ್ಕೆ ಮರಳಿದೆ. ಚಿಗವ್ವನ ಪ್ರಬಂಧ ಬೆಳೆಯುತ್ತಿತ್ತು. ಅದರ ಕೊನೆಯ ಅಧ್ಯಾಯಕ್ಕಾಗಿ ಅವಳಿಗೂ ಮಾರ್ಗದರ್ಶಕರಿಗೂ ದೊಡ್ಡ ಜಗಳವೇ ನಡೆಯಿತಂತೆ. ತಾನು ಓದಿದ ರಾಶಿಯಲ್ಲಿ ಪ್ರವಾಸಿಗರ ಮನಸ್ಸು, ಹೋಟೆಲು, ವಿಮಾನ ಇವುಗಳ ಬಗ್ಗೆ ಇರುವಷ್ಟು, ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗಿಸುವವರ ಬಗ್ಗೆ ಇಲ್ಲ. ಇದೇ ದೊಡ್ಡ ಕೊರತೆ ಎಂದು ಅವಳು ಬರೆದಿದ್ದಳು. ಗಾಡಿ ನಿಂತ ಮೇಲೆ ಡ್ರೈವರ ಮನೆಯೊಳಗೆ ಏನಾಗುತ್ತದೆ ಎಂದು ಯಾರು ಕೇಳಿದರು ಎಂಬ ಪ್ರಶ್ನೆಯನ್ನೂ ಹಾಕಿದ್ದಳು.

“ಮೇಡಂ, ಇದು ನಿಮ್ಮ ಮನಿ ವಿಷಯ ಆತಲ್ರಿ,” ಎಂದರಂತೆ ಅವರು.

“ಮನಿ ಬಿಟ್ಟು ಹೊರಗ ಬರಬ್ಯಾಡ್ರಿ ಅಂತ ನೀವ ಹೇಳಿದ್ರಲ್ಲ ಸರ್!”

ಅಧ್ಯಾಯ ಉಳಿಯಿತು.

ಮೌಖಿಕ ಪರೀಕ್ಷೆಗೆ ವಿಶ್ವವಿದ್ಯಾಲಯದ ಊರಿಗೆ ಹೋಗಬೇಕಾಯಿತು. ಆ ಹೊತ್ತಿಗೆ ಎಲ್ಲ ಮೊದಲಿನಂತಾಗಿತ್ತು. ಧೈರ್ಯಕ್ಕೆಂದು ನನ್ನನ್ನೂ ಕರೆದಳು. ಕಾಕಾ ಕಾರು ಓಡಿಸಿದರು. ದಾರಿಯಲ್ಲಿ 'ಹೆಚ್ಚುಕಡಿಮೆ' ಆಗಬಾರದೆಂದು ಚಿಗವ್ವ ಹಿಂದಿನ ದಿನ ಮಧ್ಯಾಹ್ನದಿಂದಲೇ ಏನೂ ತಿಂದಿರಲಿಲ್ಲ, ಅಂದು ಬರೀ ನೀರು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಹೊರಗೆ ಬರುವುದಾದರೂ ಏನು ಎಂಬುದು ಅವಳ ಲೆಕ್ಕಾಚಾರ.

ಅಲ್ಲಿ ತಲುಪಿದಾಗ ಕಾಕಾ ಒಳಗೆ ಬರಲು ಒಪ್ಪಲಿಲ್ಲ. “ಡ್ರೈವರ್ ಒಳಗ ಬರೂದಿಲ್ಲವಾ. ನಾ ಗಾಡಿ ಹತ್ರ ಇರತೀನಿ, ನೀವು ನಡೀರಿ,” ಎಂದರು. ಇಷ್ಟು ವರ್ಷ ಎಲ್ಲ ಗುಡಿ, ಕೋಟೆ, ಹೋಟೆಲುಗಳ ಹೊರಗೆ ಗಾಡಿಯ ಹತ್ತಿರವೇ ಕಾದವರು ಅವರು. ಚಿಗವ್ವ ಒಳಗೆ ನಡೆದುಹೋದಳು. ಸಭಾಂಗಣದಲ್ಲಿ ಪ್ರೊಫೆಸರುಗಳು ಕುಳಿತಾಗಿತ್ತು, ಹೊರರಾಜ್ಯದಿಂದ ಬಂದ ಪರೀಕ್ಷಕರು ಕನ್ನಡಕ ಒರೆಸುತ್ತಿದ್ದರು. ಆಗ ಇವಳು, “ಒಂದ ನಿಮಿಷ ಸರ್,” ಎಂದು ಎದ್ದು ಹೊರಗೆ ಹೋಗಿ, ಕಾಕಾನನ್ನು ಕರೆದುಕೊಂಡು ಬಂದು ನನ್ನ ಪಕ್ಕ ಹಿಂದಿನ ಸಾಲಿನಲ್ಲಿ ಕೂರಿಸಿದಳು. ಕಾಕಾ ಕುರ್ಚಿಯ ತುದಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತರು.

ಚಿಗವ್ವ ಇಂಗ್ಲಿಷಿನಲ್ಲಿ ಮಾತಾಡಿದಳು. ಪರೀಕ್ಷಕರು ಹಿಂದಿನಿಂದ, ಮುಂದಿನಿಂದ, ಅಡ್ಡದಿಂದ ಪ್ರಶ್ನೆ ಹಾಕಿದರು. ಅವಳು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಅಧ್ಯಕ್ಷರು ಪದ್ಧತಿಯಂತೆ, “ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು,” ಎಂದರು. ಇಂಥ ಕಡೆ ಯಾರೂ ಏನೂ ಕೇಳುವುದಿಲ್ಲ. ಎಲ್ಲರೂ ಫೈಲು ಮುಚ್ಚತೊಡಗಿದ್ದರು.

“ಒಂದು ಐತ್ರಿ,” ಎಂದು ನನ್ನ ಪಕ್ಕದಿಂದ ಧ್ವನಿ ಬಂತು.

ಕಾಕಾ ಎದ್ದು ನಿಂತಿದ್ದರು. ಎಲ್ಲರೂ ಹಿಂದೆ ತಿರುಗಿದರು. ಕಾಕಾ ಕೈ ಮುಗಿದರು.

“ನನಗ ಇದ್ಯಾವುದೂ ತಿಳಿಯಂಗಿಲ್ಲರಿ. ಈಕಿ ನಿನ್ನಿ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಗಾಡ್ಯಾಗ ಬುತ್ತಿ ಐತಿ. ಊಟಕ್ಕ ಕರಕೊಂಡು ಹೋಗ್ಲೇನ್ರಿ?”

ಸಭೆ ಗೊಳ್ಳೆಂದು ನಕ್ಕಿತು. ಕನ್ನಡ ಬಾರದ ಪರೀಕ್ಷಕರು ಮಾರ್ಗದರ್ಶಕರ ಕಡೆ ಬಾಗಿ ಅದೇನೆಂದು ಕೇಳಿಕೊಂಡರು. ಕೇಳಿದ ಮೇಲೆ ಅವರು ನಗಲಿಲ್ಲ. ಉತ್ತರ ಹೇಳುವಂತೆ ಚಿಗವ್ವನ ಕಡೆ ಕೈ ತೋರಿಸಿದರು.

ಅಷ್ಟೊತ್ತು ಪಟಪಟ ಉತ್ತರಿಸಿದವಳು ಕೈಯಲ್ಲಿದ್ದ ಕಾಗದ ಮಡಚಿಟ್ಟಳು. ವೇದಿಕೆಯಿಂದ ಇಳಿದಳು. ಕುರ್ಚಿಗಳ ನಡುವೆ ಹಾಯ್ದು ಹಿಂದಿನ ಸಾಲಿಗೆ ಬಂದು, ಅಷ್ಟು ಜನರ ಎದುರಿಗೆ ಕಾಕಾನ ಕೈ ಹಿಡಿದಳು. ನಮ್ಮ ಮನೆತನದಲ್ಲಿ ಹೆಂಡತಿಯೊಬ್ಬಳು ನಾಲ್ಕು ಜನರ ನಡುವೆ ಗಂಡನ ಕೈ ಹಿಡಿದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

“ನಡೀರಿ,” ಎಂದಳು.

ಫಲಿತಾಂಶ ಹೇಳಲು ಮಾರ್ಗದರ್ಶಕರು ಏದುಸಿರು ಬಿಡುತ್ತ ಹೊರಗೆ ಬಂದಾಗ ನಾವು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದೆವು. ಚಿಗವ್ವ ಕಣ್ಣೊರೆಸಿಕೊಳ್ಳುತ್ತಲೇ ಉಣ್ಣುತ್ತಿದ್ದಳು. ಅವರು, “ಮೇಡಂ, ರಿಸಲ್ಟು...” ಎಂದು ಶುರು ಮಾಡಿದರು.

ಕಾಕಾ ಅವರ ಕಡೆ ನೋಡಲಿಲ್ಲ. ರೊಟ್ಟಿ ಮುರಿದು, ಮೇಲೊಂದಿಷ್ಟು ಪಲ್ಯ ಇಟ್ಟು, ಚಿಗವ್ವನ ತಟ್ಟೆಗೆ ಹಾಕಿದರು.

“ಉಂಡ ಮ್ಯಾಲ ಹೇಳ್ರಿ ಸರ್,” ಎಂದರು.